ಸವೆದ ಹೆಬ್ಬೆರಳು

ಗಾಜಿನ ಮೇಲೆ ಇಟ್ಟ ಹೆಬ್ಬೆರಳಿನ ಕೆಳಗೆ ಹಸಿರು ಬೆಳಕು ಒಮ್ಮೆ ಹಾಯ್ದು ಹೋಯಿತು. ಆಮೇಲೆ ಕೆಂಪಾಯಿತು. ಜೊತೆಗೇ ಯಂತ್ರ ಗಂಟಲು ಕಟ್ಟಿದ ಕೋಳಿಯ ಹಾಗೆ ಕೊರ್ರೆಂದಿತು.

ಕೌಂಟರಿನ ಆಚೆ ಕೂತಿದ್ದ ಹೆಂಗಸು ಬಟ್ಟೆ ತೆಗೆದು ಗಾಜನ್ನು ಒರೆಸಿದರು. ವಯಸ್ಸು ಐವತ್ತರ ಆಸುಪಾಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತು ಹಾಕಿಕೊಂಡಿದ್ದರು. ಸಣ್ಣಿ ಮನಸ್ಸಿನಲ್ಲೇ ಅವರಿಗೆ ಕೌಂಟರಿನಮ್ಮ ಎಂದು ಹೆಸರಿಟ್ಟಿದ್ದಳು.

"ಇನ್ನೊಂದ್ಸಲ ಇಡಿ. ಒತ್ತಬೇಡಿ, ಸುಮ್ಮನೆ ಇಡಿ."

ಸಣ್ಣಿ ಸುಮ್ಮನೆ ಇಟ್ಟಳು. ಕೆಂಪು.

"ಈಗ ಸ್ವಲ್ಪ ಒತ್ತಿ."

ಒತ್ತಿದಳು. ಕೆಂಪು. ಹಿಂದೆ ಸಾಲಿನಲ್ಲಿ ನಿಂತವನೊಬ್ಬ ಕಾಲು ಬದಲಿಸಿ ನಿಟ್ಟುಸಿರು ಬಿಟ್ಟ.

ಕೌಂಟರಿನಮ್ಮ ಅವಳ ಕೈಯನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಏರಿಸಿ, ಹೆಬ್ಬೆರಳಿನ ತುದಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಹಳೆಯ ಒರಳಿನ ಒಳಮೈ ಹಾಗೆ ನುಣ್ಣಗಿತ್ತು ಅದು.

"ಬೆರಳೇನೋ ಇದೆ, ಗೆರೆಯೇ ಇಲ್ವಲ್ಲ. ಏನು ಓದ್ತಿದೀರಿ ನೀವು?"

"ಮಣ್ಣು."

"ಏನು?"

"ಮಣ್ಣಿನ ಶಾಸ್ತ್ರ ಮೇಡಮ್. ಯಾವ ಹೊಲದಲ್ಲಿ ಎಂಥ ಮಣ್ಣಿದೆ, ಅದು ನೀರು ಹಿಡಿಯತ್ತಾ, ಏನು ಬೆಳೀಬಹುದು, ಅದೆಲ್ಲ."

"ಅದನ್ನ ಬರಿಗೈಲೇ ಮುಟ್ತೀರಾ?"

"ಮುಟ್ಟದೆ ಹೇಗೆ ಗೊತ್ತಾಗತ್ತೆ?"

"ಗಾರೆ ಕೆಲಸದವರು ಬರ್ತಾರೆ ಇಂಥ ಬೆರಳು ತಗೊಂಡು. ಪಾತ್ರೆ ತೊಳೆಯೋರು ಬರ್ತಾರೆ. ಓದೋ ಹುಡುಗಿ ಬಂದಿದ್ದು ಇದೇ ಮೊದಲು." ಅವರು ಕೈ ಬಿಟ್ಟು ಪರದೆಯ ಕಡೆ ತಿರುಗಿದರು. "ನೋಡಿ, ಇದು ಎರಡನೇ ಸಲ. ಉಳಿದ ಬೆರಳುಗಳಲ್ಲಿ ಒಂದೆರಡು ಬರದಿದ್ರೂ ನಡೆಯತ್ತೆ, ಹೆಬ್ಬೆರಳು ಎರಡೂ ಬೇಕು. ಎಡಗೈದು ಬಂತು. ಬಲಗೈದು ಮೂರನೇ ಸಲಕ್ಕೂ ಬರದೇ ಹೋದ್ರೆ ನಿಮ್ಮ ಫೈಲು ದೊಡ್ಡ ಕಚೇರಿಗೆ ಹೋಗತ್ತೆ. ಅಲ್ಲಿ ಜನ ಕೂತು ಪರಿಶೀಲನೆ ಮಾಡ್ತಾರೆ. ತಿಂಗಳುಗಟ್ಟಲೆ ಹಿಡಿಯತ್ತೆ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಇಲ್ಲೇ ಇರಬಹುದು, ಓದಬಹುದು, ಯಾರೂ ಕೇಳಲ್ಲ. ಆದ್ರೆ ಈ ದೇಶದಲ್ಲಿರೋಕೆ ಕೊಟ್ಟ ನಿಮ್ಮ ಹಳೇ ಪರ್ಮಿಟ್ ಮುಗಿದಿದೆ. ಹೊಸದು ಆಗದೆ ಹೋಗಿ ಬರೋ ವೀಸಾ ಕೊಡೋಕಾಗಲ್ಲ. ವೀಸಾ ಇಲ್ಲದೆ ಹೊರಗೆ ಹೋದ್ರೆ ಅರ್ಜಿ ತಾನಾಗೇ ಬಿದ್ದುಹೋಗತ್ತೆ. ಮತ್ತೆ ಒಳಗೆ ಬರೋಕಾಗಲ್ಲ."

ಹೋಗಬಹುದು, ಇರಬಹುದು, ಹೋಗಿ ಬರುವಂತಿಲ್ಲ. ಸಣ್ಣಿಗೆ ಬೇಕಾಗಿದ್ದದ್ದು ಅದೊಂದೇ.

"ನನ್ನ ಅಕ್ಕನಿಗೆ ಹೆರಿಗೆ," ಅಂದಳು. "ಆಪರೇಷನ್ ಮಾಡಿ ತೆಗೀತಾರಂತೆ. ನಾನು ಹೋಗ್ಲೇಬೇಕು."

ಕೌಂಟರಿನಮ್ಮ ಇಂಥ ಮಾತುಗಳನ್ನು ದಿನವೂ ಕೇಳುವವರು. ಆದರೂ ಬೆರಳಚ್ಚಿನ ದಿನವನ್ನು ಸಾಧ್ಯವಿದ್ದಷ್ಟು ಮುಂದಕ್ಕೆ ತಳ್ಳಿ, ಹೆರಿಗೆಗೆ ಮುಂಚಿನ ವಾರಕ್ಕೆ ಬರುವ ಹಾಗೆ ಚೀಟಿ ಬರೆದುಕೊಟ್ಟರು. "ಚರ್ಮ ಮತ್ತೆ ಬೆಳೆಯತ್ತೆ. ಅಲ್ಲಿವರೆಗೆ ಆ ಬೆರಳಿಗೆ ಕೆಲಸ ಕೊಡಬೇಡಿ. ಅದನ್ನ ಮಗು ಥರ ನೋಡ್ಕೊಳ್ಳಿ," ಅಂದರು.

ಹೆಬ್ಬೆರಳು ಸವೆದದ್ದು ಇಲ್ಲಿ, ಆದರೆ ಸವೆಯಲು ತೊಡಗಿದ್ದು ಊರಿನ ಇಟ್ಟಿಗೆ ಗೂಡಿನಲ್ಲಿ. ಅಪ್ಪ ಇಟ್ಟಿಗೆ ಸುಡುವವನು. ಹೊಸ ಜಾಗದಿಂದ ಮಣ್ಣು ಬಂದಾಗ ಒಂದು ಚಿಟಿಕೆ ತೆಗೆದು, ಎರಡು ಹನಿ ನೀರು ಮುಟ್ಟಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಕಿವಿಯ ಹತ್ತಿರ ತಂದು ಉಜ್ಜುತ್ತಿದ್ದ. ಮರಳಿದ್ದರೆ ಕರಕರ ಅನ್ನುತ್ತದೆ. ಒಳ್ಳೆ ಜೇಡಿಯಾದರೆ ಏನೂ ಅನ್ನುವುದಿಲ್ಲ, ಬೆಣ್ಣೆಯ ಹಾಗೆ ಜಾರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಶಾಲೆ ಬಿಟ್ಟು ಗೂಡಿಗೆ ನಿಂತಳು. ಅಮ್ಮ ಅದಕ್ಕೂ ಮುಂಚೆಯೇ ಹೋಗಿದ್ದಳು. ಅಕ್ಕ ಅಪ್ಪನ ಹಾಗೆಯೇ ಮಣ್ಣು ಉಜ್ಜಿ, ಮೊದಲು ತಾನು ಕೇಳಿ, ಆಮೇಲೆ ತಂಗಿಯ ಕಿವಿಗೆ ಹಿಡಿಯುತ್ತಿದ್ದಳು. "ಏನನ್ನತ್ತೆ ಹೇಳು ಸಣ್ಣಿ?" ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಬೇರೆ, ಉದ್ದವಾಗಿದೆ. ಆದರೆ ಅವಳು ತನ್ನನ್ನು ತಾನು ನೆನೆದುಕೊಳ್ಳುವಾಗ ಕೇಳಿಸುವುದು ಅಕ್ಕನ ಬಾಯಿಯ ಸಣ್ಣಿಯೇ.

ಕಡಲು ದಾಟಿ ಈ ಊರಿನ ವಿಶ್ವವಿದ್ಯಾಲಯಕ್ಕೆ ಬಂದು ಮೊದಲ ವಾರ ಮೇಷ್ಟ್ರು ಪ್ರಯೋಗಶಾಲೆಯಲ್ಲಿ ಮಣ್ಣಿನ ಡಬ್ಬಿಗಳನ್ನು ಸಾಲಾಗಿ ಇಟ್ಟು, ಒದ್ದೆ ಮಾಡಿ ಬೆರಳಲ್ಲಿ ಹೊಸೆದು ಪಟ್ಟಿ ಎಳೆಯಿರಿ ಅಂದಾಗ ಸಣ್ಣಿಗೆ ನಗು ಬಂದಿತ್ತು. ಇದನ್ನು ಕಲಿಯುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ಪಟ್ಟಿ ಉದ್ದ ಬಂದಷ್ಟೂ ಜೇಡಿ ಹೆಚ್ಚು, ಮುರಿದು ಬಿದ್ದರೆ ಮರಳು. ಅವಳು ಒಂದೊಂದನ್ನೂ ಉಜ್ಜಿ ಬಾಯಲ್ಲೇ ಹೇಳಿಬಿಟ್ಟಳು. ಮೇಷ್ಟ್ರು ಯಂತ್ರದ ಲೆಕ್ಕದ ಜೊತೆ ತಾಳೆ ನೋಡಿ ಹುಬ್ಬೇರಿಸಿದರು. "ಯಂತ್ರಕ್ಕೆ ಒಂದು ಹಗಲು ಬೇಕು, ಈ ಹುಡುಗಿಗೆ ಒಂದು ಚಿಟಿಕೆ ಸಾಕು," ಎಂದು ಎಲ್ಲರ ಮುಂದೆ ಅಂದರು. ಅಂದಿನಿಂದ ನದಿ ದಂಡೆಯ ಸಮೀಕ್ಷೆಯ ಡಬ್ಬಿಗಳೆಲ್ಲ ಅವಳ ಮೇಜಿಗೇ ಬಂದವು. ಅಲ್ಲಿಯದು ಹರಳು ಹರಳು ಮರಳು, ಅರದ ಹಾಗೆ ಚೂಪು. ಕೈಗವಸು ಹಾಕಿಕೋ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಕೈಗವಸು ಹಾಕಿ ಮಣ್ಣು ನೋಡುವುದೆಂದರೆ ಮೂಗು ಮುಚ್ಚಿಕೊಂಡು ಹೂ ಮೂಸಿದ ಹಾಗೆ ಸಾರ್, ಎಂದು ಇವಳು ನಕ್ಕಿದ್ದಳು.

ಚೀಟಿ ತಂದ ದಿನದಿಂದ ಅವಳ ಬಲಗೈ ಅವಳದಾಗಿ ಉಳಿಯಲಿಲ್ಲ, ಲೆಕ್ಕದವಳದಾಯಿತು. ಲೆಕ್ಕದವಳು ಎಂದರೆ ಒಂದೇ ಕೋಣೆಯಲ್ಲಿ ಜೊತೆಗಿದ್ದವಳು, ಗಣಿತ ಓದುವವಳು. ಇವಳ ನಾಡಿನವಳೇ, ಇವಳ ಭಾಷೆಯವಳೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮುಲಾಮು ತಂದು ಹಚ್ಚುತ್ತಿದ್ದಳು. ಪಾತ್ರೆಯನ್ನು ತಾನೇ ತೊಳೆಯುತ್ತಿದ್ದಳು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಕಿತ್ತುಕೊಳ್ಳುತ್ತಿದ್ದಳು.

"ಮಹಾರಾಣಿಯವರೇ, ಸ್ನಾನಕ್ಕೆ ನೀರೂ ನಾನೇ ಹುಯ್ಯಬೇಕಾ?"

"ಹುಯ್ಯೇ, ಪುಣ್ಯ ಬರತ್ತೆ."

"ಪುಣ್ಯ ಇರ್ಲಿ, ಆ ಕೈ ಎಲ್ಲಿಟ್ಟಿದೀಯ? ಗೋಡೆಗೆ ಯಾಕೆ ಉಜ್ತಿದೀಯ? ತೆಗಿ!"

ಸಣ್ಣಿ ಬೆಚ್ಚಿ ಕೈ ತೆಗೆದಳು. ಸುಣ್ಣ ಬಳಿದ ಗೋಡೆಯಲ್ಲಿ ಪುಡಿ ಎದ್ದ ಜಾಗವನ್ನು ಅವಳ ಬೆರಳು ತಾನಾಗಿಯೇ ಹುಡುಕಿಕೊಂಡು ಹೋಗಿತ್ತು. ಯೋಚನೆ ಹತ್ತಿದರೆ ಹೀಗೆ. ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಕೂದಲು ಸುತ್ತುತ್ತಾರೆ, ಇವಳ ಬೆರಳಿಗೆ ಉಜ್ಜಲು ಏನಾದರೂ ಬೇಕು.

ಮೇಷ್ಟ್ರು ಡಬ್ಬಿಗಳನ್ನು ಬೀರುವಿಗೆ ಸೇರಿಸಿದರು. "ಮಣ್ಣು ಎಲ್ಲೂ ಓಡಿಹೋಗಲ್ಲ. ನೀನು ಬರೆಯೋ ಕೆಲಸ ಮಾಡು," ಎಂದರು. ಹೀಗೆ ಕೊನೆಯ ಅವಧಿಯ ಪ್ರಬಂಧ ಅರ್ಧಕ್ಕೆ ಬಂದು ನಿಂತಿತು. ಅವಳು ದಿನವೂ ಭೂತಗಾಜಿನ ಕೆಳಗೆ ಹೆಬ್ಬೆರಳು ಇಟ್ಟು ನೋಡುತ್ತಿದ್ದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅಂಚಿನಲ್ಲಿ ಒಂದೆರಡು ಎಳೆ. ಮತ್ತೆ ಕೆಲವು ದಿನಕ್ಕೆ, ಮೊದಲ ಮಳೆ ಬಿದ್ದ ಮೇಲೆ ಉತ್ತ ಹೊಲದ ಹಾಗೆ, ಒಂದರ ಪಕ್ಕ ಒಂದು ಬಾಗಿಕೊಂಡು ಸಾಲುಗಳು ಏಳತೊಡಗಿದವು. ಬಿತ್ತಿದವಳಿಗೆ ಮೊಳಕೆ ಕಂಡಷ್ಟು ಹಿಗ್ಗು.

ಫೋನಿನಲ್ಲಿ ಅಕ್ಕ ಕೇಳುತ್ತಿದ್ದುದೂ ಅದನ್ನೇ. ಅವಳು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯದು ತಿಂಗಳು ತುಂಬಿದ ಮೇಲೆ, ಆಪರೇಷನ್ ಕೋಣೆಯೊಳಗೇ ಹೋಗಿತ್ತು. ಈಗಲೂ ಅದೇ ಕೋಣೆ.

"ಹರಳೆಣ್ಣೆ ಹಚ್ಚಿದ್ಯೇನೇ?"

"ಇಲ್ಲಿ ಎಲ್ಲಿ ಸಿಗತ್ತೆ ಅಕ್ಕ? ಮುಲಾಮು ಹಚ್ತಿದೀನಿ."

"ಗೆರೆ ಬಂತಾ?"

"ಬರ್ತಾ ಇದೆ. ನೀನು ಹೇಗಿದೀಯ?"

"ನಾನಾ? ಹಸಿ ಇಟ್ಟಿಗೆ ಥರ ಬಿದ್ಕೊಂಡಿದೀನಿ. ಮುಟ್ಟಿದ್ರೆ ಗುರುತು ಬೀಳತ್ತೆ ಅಂತ ನಿಮ್ಮ ಭಾವ ದೂರದಿಂದಲೇ ಮಾತಾಡಿಸ್ತಾರೆ." ಅಕ್ಕ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಸಣ್ಣಿ, ನೀನು ಒಳಗೆ ಬರೋದು ಬೇಡ ಕಣೇ. ಬಿಡೋದೂ ಇಲ್ಲ. ಆ ಬಾಗಿಲ ತನಕ ಜೊತೆಗಿದ್ರೆ ಸಾಕು. ಹೋದ ಸಲ ಬಾಗಿಲಲ್ಲಿ ತಿರುಗಿ ನೋಡಿದಾಗ ಯಾರೂ ಇರ್ಲಿಲ್ಲ, ಇವರು ಔಷಧಿ ತರೋಕೆ ಓಡಿದ್ರು."

ಅಕ್ಕ ಜೀವಮಾನದಲ್ಲಿ ತಂಗಿಯನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದು. "ಬರ್ತೀನಿ," ಎಂದು ಸಣ್ಣಿ ಮಾತು ಕೊಟ್ಟಿದ್ದಳು.

ಆಮೇಲೆ ಭಾವ ಫೋನು ಕಸಿದುಕೊಂಡಿದ್ದ. ಅವನು ಗೂಡಿನ ಲಾರಿ ಓಡಿಸುವವನು. "ಏನಮ್ಮ ಮಣ್ಣಿನ ಡಾಕ್ಟ್ರೇ, ನಮ್ಮ ಟೈರು ಸವೆದ್ರೆ ರೀಸೋಲ್ ಹಾಕಿಸ್ತೀವಿ. ಬೆರಳಿಗೂ ಅಂಥ ಅಂಗಡಿ ಇದ್ರೆ ಅಲ್ಲಿ ವಿಚಾರಿಸು."

"ವಿಚಾರಿಸ್ತೀನಿ ಭಾವ. ನಿಮ್ಮ ನಾಲಿಗೆಗೂ ಒಂದು ಬ್ರೇಕು ಸಿಗತ್ತಾ ಕೇಳ್ತೀನಿ."

ಮೂರನೇ ಸಲದ ದಿನ ಬಂತು. ಬೆಳಿಗ್ಗೆ ಭೂತಗಾಜಿನ ಕೆಳಗೆ ಗೆರೆಗಳು ತೆಳ್ಳಗಿದ್ದರೂ ಇದ್ದವು. ವೀಸಾ ಕೈಗೆ ಬಂದರೆ ಸಂಜೆಯ ವಿಮಾನ. ಪೆಟ್ಟಿಗೆ ಕಟ್ಟಿ ಕೋಣೆಯ ಬಾಗಿಲ ಬಳಿಯೇ ನಿಲ್ಲಿಸಿದ್ದಳು. ಲೆಕ್ಕದವಳು ತನ್ನ ತರಗತಿ ಬಿಟ್ಟು ಜೊತೆಗೆ ಬಂದಳು. ಬಸ್ಸಿನಲ್ಲಿ ಕಂಬಿ ಹಿಡಿಯಲೂ ಬಿಡಲಿಲ್ಲ. "ನನ್ನ ಭುಜ ಹಿಡ್ಕೋ," ಅಂದಳು.

ಕಚೇರಿಯ ಉದ್ದನೆಯ ಹಜಾರದಲ್ಲಿ ಬೆಂಚುಗಳು, ಮೇಲೆ ಅಂಕಿ ಬದಲಾಗುವ ಫಲಕ, ಕೆಲವು ಬೆಂಚಿನ ಪಕ್ಕ ಗಿಡ ನೆಟ್ಟ ಸಿಮೆಂಟಿನ ಕುಂಡ. ಇವರ ಅಂಕಿಗೆ ಇನ್ನೂ ಹೊತ್ತಿತ್ತು. ಲೆಕ್ಕದವಳು ಎದ್ದು, "ಚಹಾ ತರ್ತೀನಿ, ಬಿಸಿ ಲೋಟ ನೀನು ಮುಟ್ಬೇಡ, ನಾನೇ ಹಿಡಿದು ಕುಡಿಸ್ತೀನಿ," ಎಂದು ಹೇಳಿ ಮೂಲೆಯ ಯಂತ್ರದ ಕಡೆ ಹೋದಳು.

ಆಗ ಫೋನು ಬಂತು. ಭಾವ. ಈ ಸಲ ಡಾಕ್ಟ್ರೇ ಗೀಕ್ಟ್ರೇ ಏನೂ ಇರಲಿಲ್ಲ.

"ಸಣ್ಣಮ್ಮ, ಇವಳಿಗೆ ಬೀಪಿ ಏರಿದೆ. ಮುಂದಿನ ವಾರದ ತನಕ ಕಾಯೋ ಹಾಗಿಲ್ಲವಂತೆ. ಇವತ್ತೇ ಸೇರಿಸ್ಕೊಂಡಿದಾರೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರೆ."

"ಅಕ್ಕ ಏನಂತಾಳೆ?"

"ಏನೂ ಅನ್ನಲ್ಲ. ಅದೇ ಭಯ ನಂಗೆ. ಗೋಡೆ ಕಡೆ ಮುಖ ಮಾಡ್ಕೊಂಡಿದಾಳೆ. ನೀನು ಇವತ್ತು ಹೊರಡ್ತೀಯಲ್ವಾ?"

"ಇವತ್ತು ಸಂಜೆ ಭಾವ. ಬೆಳಗ್ಗೆ ಅಲ್ಲಿರ್ತೀನಿ. ಹೇಳಿ ಅವಳಿಗೆ."

ಫೋನು ಇಟ್ಟಳು. ಫಲಕದ ಮೇಲೆ ಅಂಕಿ ಬದಲಾಯಿತು. ಸಂಜೆ ಹೊರಟರೆ ಬೆಳಿಗ್ಗೆ ಇಳಿಯಬಹುದು, ಅಲ್ಲಿಂದ ಆಸ್ಪತ್ರೆಗೆ ಭಾವನ ಗೆಳೆಯ ಯಾರಾದರೂ ಗಾಡಿ ತಂದರೆ ಹತ್ತರೊಳಗೆ ಬಾಗಿಲು ಮುಟ್ಟಬಹುದು. ವಿಮಾನ ತಡವಾದರೆ? ಅಕ್ಕ ತಿರುಗಿ ನೋಡುತ್ತಾಳೆ. ಯಾರೂ ಇರುವುದಿಲ್ಲ. ಹೋದ ಸಲ ಆ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಾಗ ಅಕ್ಕ ಅಳಲಿಲ್ಲ, ಬಟ್ಟೆಯ ಅಂಚನ್ನೇ ಸರಿ ಮಾಡುತ್ತ ಕೂತಿದ್ದಳಂತೆ. ಫಲಕದ ಅಂಕಿ ಮತ್ತೆ ಬದಲಾಯಿತು.

"ಸಣ್ಣಿ!"

ಲೆಕ್ಕದವಳು ಎರಡು ಲೋಟ ಹಿಡಿದು ಎದುರಿಗೆ ನಿಂತಿದ್ದಳು. ಅವಳ ಕಣ್ಣು ಕುಂಡದ ಮೇಲಿತ್ತು. ಸಣ್ಣಿಯೂ ನೋಡಿದಳು. ತನ್ನ ಬಲಗೈ ಕುಂಡದ ಒಳಗಿತ್ತು. ಹೆಬ್ಬೆರಳೂ ತೋರುಬೆರಳೂ ಒದ್ದೆ ಮಣ್ಣನ್ನು ಹಿಡಿದು ಒಂದೇ ಸಮನೆ, ತಾಳ ತಪ್ಪದೆ ಉಜ್ಜುತ್ತಿದ್ದವು. ಎಷ್ಟು ಹೊತ್ತಿನಿಂದಲೋ! ಕುಂಡದ ಅಂಚಿನ ಮೇಲೆ ಹೊಸೆದು ಮುರಿದು ಬಿದ್ದ ತುಂಡುಗಳು ಗುಬ್ಬಿಗೆ ಕಾಳು ಹಾಕಿದ ಹಾಗೆ ಬಿದ್ದಿದ್ದವು.

ಕೈ ಎಳೆದುಕೊಂಡಳು. ಹೆಬ್ಬೆರಳ ತುದಿ ಕೆಂಪಗೆ ಉರಿಯುತ್ತಿತ್ತು.

ಫಲಕದ ಮೇಲೆ ಅವಳದೇ ಅಂಕಿ ಬಂತು.

ಕೌಂಟರಿನಮ್ಮ ಗುರುತು ಹಿಡಿದು ನಕ್ಕರು. "ಹೇಗಿದೆ ಮಗು?" ಎಂದು ಕೇಳಿ ಗಾಜು ಒರೆಸಿದರು. ಎಡಗೈ ಹಸಿರು. ಬಲಗೈಯ ನಾಲ್ಕು ಬೆರಳಲ್ಲಿ ತೋರುಬೆರಳು ಬಿಟ್ಟು ಉಳಿದವೆಲ್ಲ ಹಸಿರು. ಹೆಬ್ಬೆರಳು ಕೆಂಪು. ಅವರು ಬಗ್ಗಿ ನೋಡಿದರು. ಉಗುರ ಸಂದಿಯಲ್ಲಿ ಕಪ್ಪಗೆ ಮಣ್ಣು. ಅವರ ನೋಟ ನಿಧಾನಕ್ಕೆ ಅವಳ ಹೆಗಲ ಮೇಲಿಂದ ಬೆಂಚಿನ ಕಡೆ, ಬೆಂಚಿನಿಂದ ಕುಂಡದ ಕಡೆ ಹೋಯಿತು.

"ಕುಂಡಾನಾ?"

"ಹೂಂ."

"ಅಯ್ಯೋ ಪುಣ್ಯಾತ್ಗಿತ್ತಿ." ಬೈಯಲಿಲ್ಲ. ಅದೇ ಕಷ್ಟವಾಯಿತು. "ಹೋಗಿ ತಣ್ಣೀರಲ್ಲಿ ತೊಳ್ಕೊಂಡು ಬನ್ನಿ."

ತೊಳೆದು ಬಂದಳು. ಕೆಂಪು. ಒರೆಸಿ ಇಟ್ಟಳು, ಒರೆಸದೆ ಇಟ್ಟಳು, ಓರೆಯಾಗಿ ಇಟ್ಟಳು. ಕೆಂಪು.

"ಸಂಜೆ ಬಾಗಿಲು ಹಾಕೋ ಮುಂಚೆ ಬನ್ನಿ," ಅಂದರು ಕೌಂಟರಿನಮ್ಮ. "ಇದೇ ಸರದಿ ಅಂತ ಇಟ್ಟಿರ್ತೀನಿ. ಊತ ಇಳಿದ್ರೆ ಬಂದ್ರೂ ಬರಬಹುದು. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅಲ್ಲಿಂದ ಸಂಜೆಯವರೆಗೆ ಇಬ್ಬರೂ ಬೆಂಚಿನಲ್ಲಿ ಕೂತರು, ಕುಂಡದಿಂದ ದೂರದ ಬೆಂಚಿನಲ್ಲಿ. ಸಣ್ಣಿ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು, ಯಾರದೋ ಸಾಮಾನನ್ನು ನೋಡಿಕೊಂಡಿರು ಎಂದು ಕೊಟ್ಟು ಹೋದ ಹಾಗೆ. ಲೆಕ್ಕದವಳು ಮೊದಲು ಬೈದಳು. "ನಿನ್ನ ಕೈ ಬೆನ್ನ ಹಿಂದೆ ಕಟ್ಟಿ ಕೂರಿಸ್ಬೇಕಿತ್ತು. ಎರಡು ನಿಮಿಷ, ಬರೀ ಎರಡು ನಿಮಿಷ ಬಿಟ್ಟು ಹೋದೆ. ಚಹಾ ಇಲ್ದಿದ್ರೆ ಸಾಯ್ತಿದ್ನಾ ನಾನು?" ಆಮೇಲೆ ಅವಳೇ ಅತ್ತಳು. ಆಮೇಲೆ ಆರಿದ ಚಹಾವನ್ನು ಇವಳ ಬಾಯಿಗೆ ಹಿಡಿದಳು.

"ನೀನು ಲೆಕ್ಕದವಳಲ್ವಾ," ಅಂದಳು ಸಣ್ಣಿ. "ಹೇಳು, ಆಗತ್ತಾ?"

"ಆಗತ್ತೆ ಇಲ್ಲಾ ಆಗಲ್ಲ. ಲೆಕ್ಕ ಅಲ್ಲಿಗೇ ಮುಗೀತು ಕಣೇ."

ಜನ ಕರಗಿದರು. ಒಂದೊಂದೇ ಕೌಂಟರಿನ ದೀಪ ಆರಿತು. ಕೊನೆಯಲ್ಲಿ ಕೌಂಟರಿನಮ್ಮ ಕೈ ಸನ್ನೆ ಮಾಡಿದರು.

ಸಣ್ಣಿ ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ಹಸಿರು ಬೆಳಕು ರೆಪ್ಪೆಯ ಮೇಲೂ ಹಾಯ್ದ ಹಾಗೆನಿಸಿತು. ಉಸಿರು ಹಿಡಿದಳು. ಹಜಾರದ ಆ ತುದಿಯಲ್ಲಿ ಯಾರೋ ಕಿಟಕಿ ಹಾಕುತ್ತಿದ್ದರು.

ಕೊರ್ರ್.

ಕೌಂಟರಿನಮ್ಮ ಕನ್ನಡಕ ಇಳಿಸಿದರು. "ಫೈಲು ಮೇಲೆ ಹೋಗತ್ತೆ. ಈಗ ನನಗೆ ಒಂದು ಮಾತು ಹೇಳ್ಬೇಕು ನೀವು. ಪ್ರಯಾಣದ ಅರ್ಜಿ ತೆಗೆದು ಬರೀ ಪರ್ಮಿಟ್ ಅರ್ಜಿ ಕಳಿಸಲಾ? ಆಗ ಇಲ್ಲಿರಬಹುದು, ಓದು ಮುಗಿಸಬಹುದು. ಇಲ್ಲ, ಹೋಗ್ತೀನಿ ಅಂದ್ರೆ ಈಗಲೇ ಎರಡೂ ಮುಚ್ತೀನಿ. ಯಾವುದು ಅಂತ ನಾನು ಹೇಳಲ್ಲ."

"ಒಂದು ಫೋನು ಮಾಡಿ ಬರ್ತೀನಿ," ಅಂದಳು ಸಣ್ಣಿ.

ಫೋನು ಹಚ್ಚುವಾಗ ಅವಳು ತೀರ್ಮಾನ ಮಾಡಿಯಾಗಿತ್ತು. ಓದು ಇನ್ನೊಂದು ಕಡೆ, ಇನ್ನೊಂದು ಸಲ ಆದೀತು. ಆ ಬಾಗಿಲು ಇನ್ನೊಂದು ಸಲ ಬರುವುದಿಲ್ಲ. ಇಷ್ಟು ದೂರ ಕಳಿಸಿದವಳಿಗೇ ಬೆನ್ನು ತಿರುಗಿಸಿ ಪಡೆಯುವ ಓದು ಏನು ಓದು?

ಅಕ್ಕನೇ ತೆಗೆದಳು. ಆಸ್ಪತ್ರೆಯ ಸದ್ದು, ಯಾರದೋ ಚಪ್ಪಲಿ ಎಳೆದ ಸದ್ದು.

"ಅಕ್ಕ, ಹೊರಟೆ ಕಣೇ."

ಮೂರು ಪದಕ್ಕೆ ಅಕ್ಕನಿಗೆ ಎಲ್ಲ ತಿಳಿದಿರಬೇಕು. ಅವಳು ಉಸಿರಾಟದಲ್ಲೇ ಮರಳು ಕೇಳಿಸಿಕೊಳ್ಳುವವಳು.

"ವೀಸಾ ಕೊಟ್ರಾ?"

"ಬೆರಳು ಬರಲಿಲ್ಲ ಅಕ್ಕ."

"ಗೆರೆ ಬಂದಿತ್ತಲ್ಲೇ?"

"ಬಂದಿತ್ತು. ಇಲ್ಲಿ ಕಾಯ್ತಾ ಕೂತಿದ್ದೆ. ಭಾವ ಫೋನು ಮಾಡಿದ್ರು. ಪಕ್ಕದಲ್ಲಿ ಒಂದು ಕುಂಡ ಇತ್ತು." ಅವಳ ದನಿ ಒಡೆಯಿತು. "ಗೊತ್ತಾಗ್ಲೇ ಇಲ್ಲ ಅಕ್ಕ. ಉಜ್ಜಿಬಿಟ್ಟಿದೀನಿ."

ಸಣ್ಣಿ ಬೈಗುಳಕ್ಕೆ ಕಾದಳು. ಅಳುವಿಗೆ ಕಾದಳು.

"ಹೇಗಿತ್ತು?" ಅಂದಳು ಅಕ್ಕ.

"ಏನು?"

"ಕುಂಡದ ಮಣ್ಣು ಕಣೇ."

ಸಣ್ಣಿ ಮೂಗು ಒರೆಸಿಕೊಂಡಳು. "ಮರಳು ಜಾಸ್ತಿ. ನೀರು ನಿಲ್ಲಲ್ಲ. ಎಲೆಯೆಲ್ಲ ಜೋತು ಬಿದ್ದಿದೆ."

"ಅಲ್ಲಿನವರಿಗೆ ಹೇಳು ಹಾಗಾದ್ರೆ, ಸ್ವಲ್ಪ ಜೇಡಿ ಬೆರೆಸ್ಲಿ." ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಉಸಿರು ಸರಿಮಾಡಿಕೊಂಡ ಸದ್ದು ಬಂತು. "ಈಗ ಕೇಳು. ನೀನು ಹೊರಟು ಬಂದ್ರೆ ತಿರುಗಿ ಹೋಗೋಕಾಗಲ್ಲ. ಅಷ್ಟೇ ತಾನೆ?"

"ಓದು ಆಮೇಲೆ ನೋಡಿದ್ರಾಯ್ತು..."

"ಬಾಯ್ಮುಚ್ಚು. ನೀನು ಬಂದ್ರೆ ನಾನು ಆ ಬಾಗಿಲು ದಾಟಲ್ಲ. ಡಾಕ್ಟ್ರಿಗೂ ಹೇಳ್ತೀನಿ, ನಿನ್ನ ಭಾವನಿಗೂ ಹೇಳ್ತೀನಿ. ಎರಡು ಸಲ ಬರಿಗೈಲಿ ಬಂದಿದೀನಿ ಸಣ್ಣಿ. ಈ ಸಲ ಹೇಗೆ ಬರ್ತೀನೋ ಗೊತ್ತಿಲ್ಲ. ನಿನ್ನನ್ನೂ ಕಳ್ಕೊಂಡೆ ಅನ್ನೋ ಭಾರ ಎದೆ ಮೇಲಿಟ್ಕೊಂಡು ಆ ಮೇಜಿನ ಮೇಲೆ ಮಲಗು ಅಂದ್ರೆ ಆಗಲ್ಲ ನನ್ನಿಂದ."

"ಬಾಗಿಲಲ್ಲಿ ಇರ್ತೀನಿ ಅಂದಿದ್ದೆ."

"ಇರು. ಅಲ್ಲಿಂದಲೇ ಇರು. ಫೋನು ಕಿವಿಗೆ ಇಟ್ಕೊಂಡೇ ಹೋಗ್ತೀನಿ. ನೀನು ಸುಮ್ಮನೆ ಮಾತಾಡ್ತಾ ಇರು, ಏನಾದ್ರೂ ಸರಿ. ಬೇಕಾದ್ರೆ ಮಣ್ಣಿನ ಪಾಠ ಹೇಳು, ನಿದ್ದೆ ಬಂದ್ರೆ ಒಳ್ಳೇದೇ ಆಯ್ತು."

ಸಣ್ಣಿ ಕೌಂಟರಿಗೆ ಮರಳಿದಾಗ ಹಜಾರದಲ್ಲಿ ಒಂದೇ ದೀಪ ಉರಿಯುತ್ತಿತ್ತು. "ಪ್ರಯಾಣದ್ದು ತೆಗೀರಿ ಮೇಡಮ್," ಅಂದಳು. ಕೌಂಟರಿನಮ್ಮ ಕೀಲಿ ಒತ್ತಿದರು. ಆಮೇಲೆ, "ದೊಡ್ಡ ಕಚೇರಿಯವರೂ ಬೆರಳು ಕೇಳ್ತಾರೆ. ಮಣ್ಣು ಮುಟ್ಟಬೇಡಿ ಇನ್ನೂ," ಅಂದರು.

ಮರುದಿನ ಸಣ್ಣಿ ಪ್ರಯೋಗಶಾಲೆಗೇ ಹೋದಳು. ಕೋಣೆಯಲ್ಲಿ ಆ ಪೆಟ್ಟಿಗೆಯನ್ನು ನೋಡುತ್ತ ಕೂರಲಾಗಲಿಲ್ಲ. ಮೇಷ್ಟ್ರು ವಿಷಯ ಕೇಳಿ, ಒಳಗಿನ ಸಣ್ಣ ಕೋಣೆ ತೆರೆದುಕೊಟ್ಟು ಬಾಗಿಲು ಎಳೆದುಕೊಂಡು ಹೋದರು. ಮೇಜಿನ ಮೇಲೆ ನದಿ ದಂಡೆಯಿಂದ ಹೊಸದಾಗಿ ಬಂದ ಡಬ್ಬಿಗಳಿದ್ದವು. ಅವನ್ನು ಅವಳು ದೂರ ತಳ್ಳಿದಳು.

ಅಕ್ಕನ ಫೋನು ಬಂತು. ಗಾಲಿಯ ಮಂಚ ತಳ್ಳುವ ಸದ್ದು, ನಡುನಡುವೆ ನೆಲದ ಸಂದಿಗೆ ಗಾಲಿ ಬಡಿಯುವ ಸದ್ದು.

"ಮಾತಾಡು."

ಸಣ್ಣಿ ಮಾತಾಡಿದಳು. ಲೆಕ್ಕದವಳು ಚಹಾ ಕುಡಿಸಿದ್ದು, ಬಸ್ಸಿನಲ್ಲಿ ಭುಜ ಹಿಡಿಸಿದ್ದು, ಕೌಂಟರಿನಮ್ಮ ಬೆರಳನ್ನು ಮಗು ಅಂದದ್ದು. ಅಪ್ಪ ಒಮ್ಮೆ ಊರಗೌಡರ ಮನೆಯ ಅಂಗಳದಲ್ಲಿ ಕೂತು ಗೋಡೆಯ ಮಣ್ಣನ್ನೇ ಕಿತ್ತು ಉಜ್ಜಿ ಬೈಸಿಕೊಂಡದ್ದು. ಅಕ್ಕ ಹೂಂ ಹೂಂ ಅನ್ನುತ್ತಿದ್ದಳು. ಯಾರೋ ಹೆಂಗಸು "ಸಾಕಮ್ಮ, ಕೊಡಿ ಇನ್ನ," ಅಂದಳು.

"ಬಾಗಿಲು ಬಂತು ಸಣ್ಣಿ."

"ಇಲ್ಲೇ ಇದೀನಿ ಅಕ್ಕ."

"ತಿರುಗಿ ನೋಡಿದೆ," ಅಂದಳು ಅಕ್ಕ. ಫೋನು ಕೈ ಬದಲಾಯಿತು, ಭಾವನ ಉಸಿರು ಕೇಳಿತು, "ಆದ ಮೇಲೆ ಫೋನು ಮಾಡ್ತೀನಮ್ಮ," ಎಂದು ಹೇಳಿ ಅವನು ಇಟ್ಟುಬಿಟ್ಟ.

ಆಮೇಲೆ ಬರೀ ಗೋಡೆ ಗಡಿಯಾರ. ಅದನ್ನು ನೋಡಬಾರದೆಂದು ಸಣ್ಣಿ ಕಿಟಕಿ ನೋಡಿದಳು. ಬಲಗೈ ಮೇಜಿನ ಮೇಲೆ ಹೊರಟಿತು. ಡಬ್ಬಿಯ ಮುಚ್ಚಳ ಮುಟ್ಟಿತು. ಅವಳು ನೋಡಿದಳು, ಈ ಸಲ ನೋಡಿದಳು. ಕೈಯನ್ನು ಎಳೆದು ತಂದು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತಳು. ತುಂಟ ಮಕ್ಕಳನ್ನು ಶಾಲೆಯಲ್ಲಿ ಹಾಗೆ ಕೂರಿಸುತ್ತಿದ್ದರು. ಬೆರಳುಗಳು ಜೋಮು ಹಿಡಿದವು. ಉಜ್ಜಲು ಏನೂ ಇಲ್ಲದ ಯೋಚನೆ ಹಾಗೆಯೇ, ಹರಳು ಹರಳಾಗಿಯೇ ಎದೆಯೊಳಗೆ ಸುತ್ತಿತು. ನೆಲದ ಮೇಲೆ ಬಿಸಿಲಿನ ತುಂಡು ಮೇಜಿನ ಕಾಲಿನಿಂದ ಬೀರುವಿನ ಕಾಲಿಗೆ ಹೋಯಿತು. ಮೇಷ್ಟ್ರು ಒಮ್ಮೆ ಬಾಗಿಲು ಸರಿಸಿ ಇಣುಕಿ, ನೀರಿನ ಲೋಟ ಇಟ್ಟು ಹೋದರು.

ಫೋನು ಅಲುಗಿದಾಗ ಅವಳಿಗೆ ಕೈ ಬಿಡಿಸಿಕೊಳ್ಳಲೇ ಆಗಲಿಲ್ಲ. ಜೋಮು ಹಿಡಿದ ಬೆರಳು ಎರಡು ಸಲ ಜಾರಿ ಮೂರನೆಯ ಸಲ ಒತ್ತಿತು.

ಭಾವ ಅಳುತ್ತಿದ್ದ.

"ಭಾವ! ಅಕ್ಕ ಹೇಗಿದಾಳೆ? ಭಾವ, ಹೇಳಿ!"

"ಇದಾಳೆ, ಇದಾಳೆ," ಅಂದ ಅವನು, ಮೂಗು ಸೊರ್ರೆಂದು ಎಳೆದು. "ಇಬ್ರೂ ಇದಾರೆ. ಹೆಣ್ಣು ಕಣಮ್ಮ. ಕೇಳು, ಕೇಳ್ತಿದೆಯಾ?"

ದೂರದಲ್ಲಿ ಹೊಸ ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ ಒಂದು ಅಳು. ಸಣ್ಣಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಏನನ್ನತ್ತೆ ಹೇಳು ಸಣ್ಣಿ? ಕರಕರ ಇರಲಿಲ್ಲ. ಒಂದು ಹರಳೂ ಇರಲಿಲ್ಲ.

"ಅಕ್ಕನಿಗೆ ಇನ್ನೂ ಮಂಪರು," ಅಂದ ಭಾವ. ಅವನ ದನಿಗೆ ಲಾರಿಯವನ ಹಳೆಯ ತಮಾಷೆ ಮರಳಿ ಬರುತ್ತಿತ್ತು. "ಆದ್ರೆ ಈ ನಿನ್ನ ಮಗಳು ನೋಡಮ್ಮ, ನರ್ಸು ಎಷ್ಟು ಬಿಡಿಸಿ ನೋಡಿದ್ರೂ ಮುಷ್ಟಿ ಬಿಡ್ತಿಲ್ಲ. ಹೆಬ್ಬೆರಳು ಒಳಗಿಟ್ಕೊಂಡು ಬಿಗಿಯಾಗಿ ಹಿಡಿದಿದಾಳೆ. ಈಗಿಂದಲೇ ಜೋಪಾನ ಮಾಡ್ತಿದಾಳೆ, ಚಿಕ್ಕಮ್ಮನ ಕಥೆ ಹೊಟ್ಟೆಯೊಳಗೇ ಕೇಳಿಸ್ಕೊಂಡಿರ್ಬೇಕು."